ಚಿಟ್ಟೆಯ ಬೆನ್ನಿಗೆ ಕೆಂಪು ಚೀಲ

ಸೈಕಲ್ಲಿನಿಂದ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೊಮ್ಮಗಳು ಅತ್ತದ್ದು ನೋವಿಗಲ್ಲ, ಆಟಕ್ಕೆ.

"ಭಾನುವಾರ ಸಾಯಂಕಾಲ ಗೋಪುರದ ಕಾವಲುಗಾರನ ಜೊತೆ ಯುದ್ಧ ಇದೆ ಅಜ್ಜಿ. ನಾನು ಹೋಗ್ದಿದ್ರೆ ನನ್ನ ಜಾಗಕ್ಕೆ ಬೇರೆ ಯಾರನ್ನಾದ್ರೂ ಸೇರಿಸ್ಕೊಂಡ್ಬಿಡ್ತಾರೆ."

ಇದು ಟಿವಿಯಲ್ಲಿ ಆಡುವ ಆಟ. ನಾಲ್ವರು ಗೆಳತಿಯರು ಅವರವರ ಮನೆಯಲ್ಲಿ ಕೂತು ಒಂದೇ ಯುದ್ಧಕ್ಕೆ ಇಳಿಯುತ್ತಾರೆ. ನಮ್ಮವಳ ಗೊಂಬೆಯ ಹೆಸರು ಚಿಟ್ಟೆ. ಕಡ್ಡಿಯಂಥ ಹುಡುಗಿ, ಬೆನ್ನಿಗೊಂದು ಹಾರಾಡುವ ಮೇಲಂಗಿ. ತಂಡದ ನಾಯಕಿ ಅವಳ ತರಗತಿಯದೇ ಹುಡುಗಿ. ಎಲ್ಲರೂ ಅವಳನ್ನು ಗೂಬೆ ಎನ್ನುತ್ತಾರೆ, ಅವಳಿಗೂ ಅದೇ ಇಷ್ಟ.

ಪ್ಲಾಸ್ಟರಿನ ಕೈ ಗುಂಡಿ ಒತ್ತುವುದಿಲ್ಲ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ನನ್ನ ಕೈಯೋ ಹೊಲಿಗೆ ಯಂತ್ರಕ್ಕೆ ಅಂಟಿಕೊಂಡದ್ದು. ಉಳಿದವರು ನಮ್ಮ ಯಜಮಾನರು.

ಯಜಮಾನರು ದುಡಿದ ಕಾಲವೆಲ್ಲ ಮನೆ ಬದಲಿಸುವವರ ಸಾಮಾನು ಹೊತ್ತವರು. ಬೀರು, ಮಂಚ, ಕಬ್ಬಿಣದ ತಿಜೋರಿ, ಏನೇ ಇರಲಿ, ಅವರ ಬೆನ್ನಿಗೆ ಬಂದರೆ ಮೆಟ್ಟಿಲು ಇಳಿದಂತೆಯೇ. ಅತಿ ಭಾರ ಹೊರುವವನಿಗೆ ಅವರ ಗುಂಪಿನಲ್ಲಿ ಕೆಂಪು ತೋಳಪಟ್ಟಿ ಕಟ್ಟುತ್ತಿದ್ದರು. ಆ ಪಟ್ಟಿ ಈಗಲೂ ನಮ್ಮ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ, ದೂಳು ಹೊಡೆಯಲೂ ನನ್ನನ್ನು ಬಿಡುವುದಿಲ್ಲ. "ಬರಿಗೈಲಿ ಮೆಟ್ಟಿಲು ಹತ್ತೋನು ಇಳಿಯೋನು ನಮ್ಮ ಕಸುಬಿಗೆ ನಾಲಾಯಕ್ಕು" ಎನ್ನುವುದು ಅವರ ವೇದವಾಕ್ಯ. ನೀರು ಕುಡಿಯಲು ಅಡುಗೆಮನೆಗೆ ಹೋದರೂ ದಾರಿಯಲ್ಲಿ ಸಿಕ್ಕ ಲೋಟ, ಚೆಂಬು, ಒಮ್ಮೊಮ್ಮೆ ನನ್ನ ಕತ್ತರಿಯನ್ನೂ ಎತ್ತಿಕೊಂಡು ಹೋಗುವ ಜನ.

"ಅಳ್ಬೇಡ ಮರಿ. ಕೈ ನಂದು, ತಲೆ ನಿಂದು. ಹೇಳ್ಕೊಡು" ಎಂದು ಟಿವಿ ಎದುರು ಕೂತರು.

ಮೊಮ್ಮಗಳು ಮೊದಲು ತೆಗೆಸಿದ್ದು ಅಂಕಗಳ ಪುಟ. "ಒಂದೊಂದು ಹಂತ ಮೇಲೆ ಹೋದಾಗ್ಲೂ ಅಂಕ ಸಿಗುತ್ತೆ ತಾತ. ಅದನ್ನ ಬಲಕ್ಕೆ ಹಾಕ್ಬಹುದು, ಆಯಸ್ಸಿಗೆ ಹಾಕ್ಬಹುದು, ಚುರುಕಿಗೆ ಹಾಕ್ಬಹುದು."

"ಬಲಕ್ಕೆ ಹಾಕು. ಬಲ ಇದ್ರೆ ಮಿಕ್ಕಿದ್ದೆಲ್ಲ ಹಿಂದೇನೇ ಬರುತ್ತೆ."

"ಬಲ ಇಟ್ಕೊಂಡು ಏನ್ ಮಾಡ್ತೀಯ? ಅವನ ಸುತ್ತಿಗೆ ಒಂದು ಸಲ ತಾಕಿದ್ರೆ ಕಥೆ ಮುಗೀತು. ನಾವು ಏಟು ತಪ್ಪಿಸ್ಕೋಬೇಕು. ಚುರುಕು ಜಾಸ್ತಿ ಆದಷ್ಟೂ ಚಿಟ್ಟೆ ಬೇಗ ಉರುಳ್ತಾಳೆ, ದೂರ ಉರುಳ್ತಾಳೆ."

"ಆಯಸ್ಸಿಗೂ ಒಂಚೂರು ಹಾಕೇ" ಎಂದೆ ನಾನು. ಹೆಣ್ಣುಮಗುವಿಗೆ ಆಯಸ್ಸು ಬೇಡ ಎಂಬ ಮಾತನ್ನು ಕೇಳಿಕೊಂಡು ಸುಮ್ಮನಿರುವುದು ಹೇಗೆ?

"ಅಜ್ಜಿ, ಇದು ಆಶೀರ್ವಾದ ಅಲ್ಲ, ಲೆಕ್ಕ!"

ಕೊನೆಗೆ ನನ್ನ ಮುಖ ನೋಡಿ ಆಯಸ್ಸಿಗೆ ಚೂರು ಹಾಕಿ, ಮಿಕ್ಕದ್ದನ್ನೆಲ್ಲ ಚುರುಕಿಗೇ ಸುರಿದಳು.

ಅವಳು ಶಾಲೆಗೆ ಹೋದ ಹೊತ್ತಿನಲ್ಲಿ ಯಜಮಾನರ ಅಭ್ಯಾಸ. ಗೋಪುರದ ಸುತ್ತ ಒಂದು ಹಾಳೂರು. ಅಲ್ಲಿ ಚಿಟ್ಟೆಯನ್ನು ನಡೆಸುತ್ತಾ ಅವರು, ಪ್ಯಾಂಟಿನ ಅಂಚು ಮಡಿಸುತ್ತಾ ಕೂತ ನನಗೆ ವರದಿ ಒಪ್ಪಿಸುತ್ತಿದ್ದರು.

"ಲೇ, ಇಲ್ಲೊಂದು ಹಿತ್ತಾಳೆ ದೀಪ ಬಿದ್ದಿದೆ ಕಣೇ!"

"ಯಾರದೋ ಏನೋ, ಬಿಟ್ಟುಬಿಡ್ರಿ."

"ಯಾರದು ಅಂತೀಯ? ಊರೇ ಖಾಲಿ ಆಗಿದೆ. ಪಾಪ, ಅವಸರದಲ್ಲಿ ಮರ್ತು ಹೋಗಿರ್ಬೇಕು."

ದೀಪವಾಯಿತು, ಗುರಾಣಿಯಾಯಿತು, ಬಾಣಲೆಯಾಯಿತು. ನಾನು ಸೂಜಿಗೆ ದಾರ ಪೋಣಿಸುವ ಧ್ಯಾನದಲ್ಲಿ ಹೂಂ ಎನ್ನುತ್ತಿದ್ದೆ.

ಆದರೆ ಸಂಜೆ ಮೊಮ್ಮಗಳು ಪಕ್ಕದಲ್ಲಿ ಕೂತಾಗ ಚಿಟ್ಟೆ ಉರುಳುತ್ತಿದ್ದದ್ದು ನೀರು ತುಂಬಿದ ಹಂಡೆಯ ಹಾಗೆ. ಹೊಸ ಅಂಕ ಬಂದಾಗ ಮತ್ತೆ ಚುರುಕಿಗೆ ಹಾಕಿದಳು. ಮರುದಿನ ಚಿಟ್ಟೆ ಇನ್ನೂ ನಿಧಾನವಾದಳು.

"ಇದೆಂಥಾ ಲೆಕ್ಕ! ಹಾಕಿದಷ್ಟೂ ಕಡಿಮೆ ಆಗ್ತಿದೆ!" ಎಂದು ಹುಡುಗಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಶನಿವಾರ ನಾಲ್ವರೂ ಸೇರಿ ಒಮ್ಮೆ ಆಡಿ ನೋಡಿದರು. ಕಾವಲುಗಾರ ಸುತ್ತಿಗೆ ಎತ್ತಿದ, ಮಿಕ್ಕವರು ಚೆಲ್ಲಾಪಿಲ್ಲಿಯಾದರು, ನಮ್ಮ ಚಿಟ್ಟೆ ರೊಟ್ಟಿಯಾದಳು. ಮತ್ತೆ ಆಡಿದರು, ಮತ್ತೆ ರೊಟ್ಟಿ. ಟಿವಿಯೊಳಗಿಂದ ಗೂಬೆಯ ದನಿ ಬಂತು: "ಚಿಟ್ಟೆ ಅಂತ ಹೆಸರಿಟ್ಟೋರು ಯಾರೇ? ಬಸವನಹುಳು ಅನ್ನು. ನಾಳೇನೂ ಹಿಂಗೇ ಆದ್ರೆ ನಾವು ಬೇರೆಯವ್ರನ್ನ ನೋಡ್ಬೇಕಾಗುತ್ತೆ, ಬೇಜಾರ್ ಮಾಡ್ಕೋಬೇಡ."

ಭಾನುವಾರ ಮಧ್ಯಾಹ್ನ ಮೊಮ್ಮಗಳು ಊಟದ ತಟ್ಟೆ ಸರಿಸಿ ಎಡಗೈಯಲ್ಲಿ ಫೋನ್ ಹಿಡಿದಳು. "ನಾನೇ ಬಿಟ್ಕೊಡ್ತೀನಿ ಅಂತ ಹೇಳ್ಬಿಡ್ತೀನಿ. ಅವರು ತೆಗೆದುಹಾಕೋದಕ್ಕಿಂತ ಅದೇ ವಾಸಿ."

"ತಪ್ಪು ನಿನ್ನ ಲೆಕ್ಕದ್ದಲ್ಲ ಮರಿ, ಈ ಮುದಿ ಕೈಯದ್ದು" ಎಂದರು ಯಜಮಾನರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಹೊಲಿಗೆಯ ಕನ್ನಡಕ ಮೂಗಿನ ಮೇಲಿದ್ದ ಹಾಗೆಯೇ ಎದ್ದು ಟಿವಿ ಹತ್ತಿರ ಹೋದೆ. ಚಿಟ್ಟೆ ನಿಂತಿದ್ದಳು. ಹಾರಾಡುತ್ತಿದ್ದ ಮೇಲಂಗಿ ಒದ್ದೆ ಚೀಲದಂತೆ ಜೋತುಬಿದ್ದಿತ್ತು. ಬಟ್ಟೆ ಹಾಗೆ ಜೋಲುವುದು ಜೇಬಿನಲ್ಲಿ ಏನಾದರೂ ತುರುಕಿದ್ದರೆ ಮಾತ್ರ. ಪರದೆಯ ಕೆಳಮೂಲೆಯಲ್ಲಿ ಬಾಯಿ ಬಿರಿದ ಚೀಲದ ಚಿತ್ರವೊಂದು ಕೆಂಪಗೆ ಹೊಳೆಯುತ್ತಿತ್ತು.

"ರೀ, ಇದೇನಿದು ಕೆಂಪಗೆ?"

"ಅದಾ? ಮೆಡಲ್ಲು! ಮೊದ್ಲು ಬಿಳೀ ಇತ್ತು. ಸಾಮಾನು ಹೊರ್ತಾ ಹೊರ್ತಾ ಹಳದಿ ಆಯ್ತು, ಆಮೇಲೆ ಕೆಂಪು ಕೊಟ್ರು" ಎನ್ನುವಾಗ ಅವರ ಕಣ್ಣು ಗೋಡೆಯ ತೋಳಪಟ್ಟಿಯ ಕಡೆ ಹೋಯಿತು.

ಫೋನ್ ಸೋಫಾದ ಮೇಲೆ ಬಿತ್ತು. "ತಾತಾ! ಅದು ಮೆಡಲ್ ಅಲ್ಲ, ಹೊರೆ ಜಾಸ್ತಿ ಆಯ್ತು ಅಂತ! ಹೊರೆ ಇದ್ರೆ ಚುರುಕಿಗೆ ಎಷ್ಟು ಹಾಕಿದ್ರೂ ದಂಡ!" ಇಷ್ಟು ದಿನ ಅವಳ ಕಣ್ಣೆಲ್ಲ ಅಂಕಗಳ ಪುಟದ ಮೇಲೆ, ಇಲ್ಲವೇ ಸುತ್ತಿಗೆಯ ಮೇಲೆ. ಅವಳ ಚೀಲ ಎಂದೂ ಕೆಂಪಾದದ್ದೇ ಇಲ್ಲವಲ್ಲ, ಆ ಮೂಲೆ ನೋಡುವ ಅಭ್ಯಾಸವೇ ಅವಳಿಗಿರಲಿಲ್ಲ.

ಚೀಲ ಬಿಚ್ಚಿಸಿದಳು. ಬಾಣಲೆಗಳು, ಗುರಾಣಿಗಳು, ಗಂಟೆ, ಲಂಗರು, ಕಲ್ಲಿನ ತಲೆ.

"ತಾತ, ಇದು ಬಾಗಿಲು ತಾನೇ?"

"ಒಳ್ಳೇ ಮರ ಮರಿ."

ಮೊಮ್ಮಗಳು ನಕ್ಕಳೋ ಅತ್ತಳೋ, ಎರಡೂ ಒಟ್ಟಿಗೇ ಬಂದವು. "ಎಲ್ಲಾ ಬಿಸಾಕು ತಾತ, ಬೇಗ!"

ಯಜಮಾನರ ಹೆಬ್ಬೆರಳು ಗುಂಡಿ ಒತ್ತಲಿಲ್ಲ. "ಹೊತ್ತ ಸಾಮಾನನ್ನ ಬೀದೀಲಿ ಎಸೆಯೋದಾ? ನನ್ನ ಕೈಲಾಗಲ್ಲ."

"ಎಸೀಬೇಡ್ರಿ, ಇಳ್ಸಿ" ಎಂದೆ ನಾನು. "ಗೋಪುರ ಬಂತಲ್ಲ? ತಲುಪೋ ಮನೆ ಇದೇ ಅಂದ್ಕೊಳ್ಳಿ."

ಆ ಮಾತು ಹಿಡಿಸಿತು. ಗೋಪುರದ ಗೋಡೆಗೆ ಒರಗಿಸಿ, ಭಾರದ್ದು ಕೆಳಗೆ ಹಗುರದ್ದು ಮೇಲೆ ಮಾಡಿ, ಒಂದೊಂದಾಗಿ ಇಳಿಸುತ್ತಾ ಸಂಜೆ ಮಾಡಿದರು. ಗೂಬೆ ಕರೆಯುತ್ತಲೇ ಇದ್ದಳು, ಮೊಮ್ಮಗಳು "ಬಂದೆ, ಬಂದೆ, ಮನೆ ಖಾಲಿ ಮಾಡ್ತಿದೀವಿ" ಎನ್ನುತ್ತಲೇ ಇದ್ದಳು. ಬಾಗಿಲು ಇಳಿದಾಗ ಚೀಲ ಬೆಳ್ಳಗಾಯಿತು, ಮೇಲಂಗಿ ಹಾರಾಡಿತು.

ಯುದ್ಧ ಶುರು. ಸುತ್ತಿಗೆ ಎದ್ದೊಡನೆ ಯಜಮಾನರು ಹಳೇ ಲೆಕ್ಕದಲ್ಲಿ ಮುಂಚೆಯೇ ಗುಂಡಿ ಒತ್ತಿದರು. ಚಿಟ್ಟೆ ರಬ್ಬರಿನ ಚೆಂಡಿನಂತೆ ಉರುಳಿ ಆಚೆ ಗೋಡೆಗೆ ಹಣೆ ಚಚ್ಚಿಕೊಂಡಳು. ಹಿಂದೆಯೇ ಬಂದ ಏಟಿನ ಗಾಳಿ ತಾಕಿ, ಆಯಸ್ಸು ಕೂದಲೆಳೆಯಷ್ಟು ಉಳಿಯಿತು. ಅದು ನಾನು ಹಾಕಿಸಿದ ಚೂರೇ ಇರಬೇಕೆಂದು ನನ್ನ ನಂಬಿಕೆ.

"ಬೀರು ಇಳಿಸೋವಾಗ ಹಿಂದಿನವ್ನಿಗೆ ಮೆಟ್ಟಿಲು ಕಾಣಲ್ಲ ಮರಿ" ಎಂದರು ಯಜಮಾನರು ಬೆವರುತ್ತಾ. "ಮುಂದಿನವ್ನು ಕೂಗ್ತಾನೆ, ಇವನು ಕಾಲಿಡ್ತಾನೆ. ನೀನು ಕೂಗು. ನಾನು ಸುತ್ತಿಗೆ ನೋಡೋದೇ ಇಲ್ಲ."

ಮೊಮ್ಮಗಳು ಅವರ ಭುಜಕ್ಕೆ ಗಲ್ಲ ಆನಿಸಿ ಕೂತಳು. "ಈಗಲ್ಲ... ಈಗಲ್ಲ... ಈಗ!" ಚಿಟ್ಟೆ ಉರುಳಿದಳು, ಸುತ್ತಿಗೆ ಬರೀ ನೆಲಕ್ಕೆ ಬಿತ್ತು. "ಈಗಲ್ಲ... ಈಗ!" ಮತ್ತೆ ನೆಲ. ಕಾವಲುಗಾರ ಅವಳ ಹಿಂದೆಯೇ ಸುತ್ತಿ ಸುತ್ತಿ ದಣಿದ. ಅವನ ಬೆನ್ನು ತಿರುಗಿದಾಗಲೆಲ್ಲ ಉಳಿದ ಮೂವರೂ ಬಾರಿಸಿದರು. ಹಸಿ ಗೋಡೆ ಕುಸಿದ ಹಾಗೆ ಅವನು ಕುಸಿದ.

ಟಿವಿಯಲ್ಲಿ ಕಿರುಚಾಟ. ಮನೆಯಲ್ಲಿ ನನ್ನದೂ ಸೇರಿತ್ತೆನ್ನಿ.

"ಬಸವನಹುಳು ಅಂದಿದ್ದು ವಾಪಸ್ ತಗೊಂಡೆ ಕಣೇ!" ಎಂದಳು ಗೂಬೆ. "ನಿನ್ನ ಜಾಗಕ್ಕೆ ಇನ್ಯಾರೂ ಬರಲ್ಲ. ಕೈ ವಾಸಿಯಾದ್ಮೇಲೂ ತಾತನ್ನ ಕರ್ಕೊಂಡ್ ಬಾ, ಆಯ್ತಾ?"

ಮೊಮ್ಮಗಳು ಪ್ಲಾಸ್ಟರಿನ ಕೈಯನ್ನೇ ಮೇಲೆತ್ತಿ ಕುಣಿದಳು. ಯಜಮಾನರು ಕುಣಿಯಲಿಲ್ಲ. ಕಾವಲುಗಾರ ಇಷ್ಟು ದಿನ ಕಾಯುತ್ತಿದ್ದ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಕಿರೀಟ, ಪೆಟಾರಿ, ಬೆಳ್ಳಿ ಕುರ್ಚಿ.

"ಮರಿ, ಇನ್ನು ಉರುಳೋದೇನಾದ್ರೂ ಇದೆಯಾ?"

"ಇಲ್ಲ ತಾತ, ಇವತ್ತಿಗೆ ಮುಗೀತು."

"ಹಾಗಾದ್ರೆ ಹೊರಬಹುದು" ಎಂದು ಕಾಲು ಮಡಚಿ ಸರಿಯಾಗಿ ಕೂತರು. ಕಿರೀಟ ಹೊತ್ತರು, ಪೆಟಾರಿ ಹೊತ್ತರು, ಬೆಳ್ಳಿ ಕುರ್ಚಿ ಹೊತ್ತರು. ಆಮೇಲೆ ಗೋಪುರದಿಂದ ಹೊರಗೆ ಬಂದು, ಗೋಡೆಗೆ ಒರಗಿಸಿದ್ದ ಬಾಗಿಲನ್ನೂ ಎತ್ತಿಕೊಂಡರು. ಮೂಲೆಯ ಚೀಲ ಹಳದಿಯಾಯಿತು, ನಿಧಾನಕ್ಕೆ ಕೆಂಪಾಯಿತು.

"ನೋಡೇ," ಎಂದರು ನನ್ನ ಕಡೆ ತಿರುಗಿ, "ಮತ್ತೆ ಕೊಟ್ರು."