ಒಂದನೇ ನಂಬರಿನ ಕಲ್ಲು

ಕಲ್ಲುಗಳಿನ್ನೂ ಕೆಸರಾಗಿದ್ದ ಕಾಲದಲ್ಲಿ ಅಣ್ಣ ತಮ್ಮ ಇಬ್ಬರಿದ್ದರಂತೆ. ಕಲ್ಲು ಕಂಡರೆ ಅಣ್ಣ, ‘ಎಲ್ಲಿಂದ ಬಂದೆ?’ ಎಂದು ಕೇಳುತ್ತಿದ್ದನಂತೆ. ತಮ್ಮ, ‘ಏನಾಗ್ತೀಯ?’ ಎಂದು. ಕಲ್ಲುಗಳೋ, ಅಣ್ಣನಿಗೆ ಮಾತ್ರ ಉತ್ತರ ಕೊಡುತ್ತಿದ್ದವಂತೆ.

ಆ ತಮ್ಮನಿಗೆ ಈಗ ಎಪ್ಪತ್ತೊಂಬತ್ತು. ಅಣ್ಣ ತೀರಿಕೊಂಡ ಮರುದಿನ ಬೆಳಿಗ್ಗೆ, ತನ್ನ ಕೆತ್ತನೆಯ ಅಂಗಳದಲ್ಲಿ ಒಂದು ಸಮಾಧಿಗಲ್ಲಿಗೆ ನೀರು ಹಾಕಿ ತಿಕ್ಕುತ್ತಿದ್ದ.

“ಚಿಕ್ಕಪ್ಪ, ಅದಲ್ಲ,” ಎಂದಳು ಅಣ್ಣನ ಮಗಳು, ಗೇಟಿನಿಂದಲೇ. “ಅಪ್ಪ ಕೇಳಿದ್ದು ಆ ಕಲ್ಲನ್ನ.”

ಗೋಡೆ ಪಕ್ಕದ ಆ ಚಪ್ಪಡಿಯ ಮೇಲೆ ಅವನು ಐವತ್ತು ವರ್ಷ ಕೂತು ಉಂಡಿದ್ದ, ಉಳಿ ಮಸೆದಿದ್ದ.

“ಅದು ಮಸೆಗಲ್ಲು ಕಣಮ್ಮ.”

“ಮಾತು ಕೊಟ್ಟಿದ್ರಂತೆ.”

“ಹೂಂ ಅಂದಿದ್ದೆ. ಹೂಂ ಅನ್ನೋದೂ ಒಂದು ಮಾತಾ?”

“ನಾಲ್ಕು ಗಂಟೆಗೆ ಮಣ್ಣು ಮಾಡ್ತಾರೆ. ಈಗಾಗ್ಲೇ ಎಂಟು.”

“ಯಾರ್ಯಾರು ಬಂದಿದಾರೆ?”

“ಮ್ಯೂಸಿಯಂನವರು, ಅಪ್ಪನ ಶಿಷ್ಯರು, ಯುದ್ಧದಲ್ಲಿ ಜೊತೆಗಿದ್ದ ಅಜ್ಜ ಒಬ್ರು. ಎಲ್ಲಾ ಹೊಗಳಿದ್ದೇ ಹೊಗಳಿದ್ದು.”

“ಅವನಿಗೇನು ಹೊಸದಾ? ಹುಟ್ಟಿದಾಗ ಅತ್ತಿದ್ದನ್ನೂ ಹೊಗಳಿರ್ತಾರೆ.”

*

ಅಣ್ಣ ಯುದ್ಧದಿಂದ ಮರಳಿದ ದಿನ ಬೀದಿಗೆ ಬೀದಿಯೇ ಸ್ಟೇಷನ್ನಿನಲ್ಲಿತ್ತು. ಎಡಗಾಲು ಕುಂಟುತ್ತಿತ್ತು, ಅಮ್ಮನಿಗೆ ಆ ಕುಂಟೂ ಚೆಂದ. ಕಂದಕ ತೋಡುವಾಗ ಅವನು ಮಣ್ಣನ್ನು ಹಲ್ಲಲ್ಲಿ ಕಡಿದು ನೋಡಿ, ‘ಇಲ್ಲಿ ಬೇಡ, ಕುಸಿಯುತ್ತೆ’ ಎಂದು ಹನ್ನೊಂದು ಜನರ ಜೀವ ಉಳಿಸಿದ್ದನಂತೆ. ಆ ಕತೆ ಕೇಳಿ ಕೇಳಿ ತಮ್ಮನ ಹಲ್ಲಿನಲ್ಲೂ ಮಣ್ಣು ಕರಕರ ಎನ್ನುತ್ತಿತ್ತು.

ತಮ್ಮನಿಗೂ ತೋರಿಸುವುದೊಂದಿತ್ತು. ಯುದ್ಧದಿಂದ ಬಾರದೆ ಹೋದ ಮೂವತ್ತೊಂದು ಹುಡುಗರ ಹೆಸರನ್ನು ಚೌಕದ ಕಂಬದಲ್ಲಿ ಕೆತ್ತಿದ್ದು ಅವನೇ, ಹದಿನಾರನೇ ವಯಸ್ಸಿಗೆ. ಅಣ್ಣ ಒಂದೊಂದು ಹೆಸರಿನ ಮೇಲೂ ಬೆರಳಾಡಿಸಿದ. ತಮ್ಮ ಅವನ ಮುಖವನ್ನೇ ನೋಡುತ್ತಾ ನಿಂತ.

“ಸುಣ್ಣಕಲ್ಲು ಕಣೋ ಇದು,” ಎಂದ ಅಣ್ಣ. “ಮಳೆಗೆ ಸವೆದುಹೋಗುತ್ತೆ.”

ಅಷ್ಟೇ. ಹೆಸರುಗಳು ನಿಜಕ್ಕೂ ಸವೆದವು. ತಮ್ಮನಿಗೆ ಸಹಿಸಲಾಗದೆ ಹೋದದ್ದು ಅದೇ.

ಮುಂದೆ ಅಣ್ಣ ಭೂವಿಜ್ಞಾನಿಯಾದ. ಮೊದಲ ಸುತ್ತಾಟದಿಂದ ಬರುವಾಗ, ಗೋಣಿ ಸುತ್ತಿದ ಚಪ್ಪಡಿಯೊಂದನ್ನು ಜೀಪಿನಲ್ಲಿ ಹೇರಿಕೊಂಡು ನೇರ ತಮ್ಮನ ಅಂಗಳಕ್ಕೆ ತಂದ.

“ಇದು ಸವೆಯಲ್ಲ. ನಾನು ಸತ್ರೆ ನನ್ನ ಹೆಸರನ್ನ ಇದರ ಮೇಲೆ ನೀನೇ ಕೆತ್ತಬೇಕು.”

“ಹೂಂ,” ಎಂದು ತಮ್ಮ ಜೀಪಿನ ಆಳುಗಳ ಕಡೆ ತಿರುಗಿದ. “ನುಣುಪು ಮುಖ ಮೇಲೆ ಮಾಡಿ ಇಳಿಸಿ.” ಅದು ಕಲ್ಲುಕುಟಿಗನ ಬುದ್ಧಿ.

ಅಣ್ಣ ಏನೋ ಹೇಳಹೊರಟು ನಕ್ಕುಬಿಟ್ಟ. “ಬಿಡುವಾದಾಗ ತಿರುಗಿಸಿ ನೋಡು.”

ನೋಡಲಿಲ್ಲ. ಅಣ್ಣ ಹೇಳಿದ ಎಂಬ ಒಂದೇ ಕಾರಣಕ್ಕೆ.

*

ಅಣ್ಣನ ಮಗಳು ಚೀಲದಿಂದ ದಪ್ಪ ರಿಜಿಸ್ಟರೊಂದನ್ನು ಹೊರತೆಗೆದಳು. “ಅಪ್ಪ ತಂದ ಕಲ್ಲುಗಳೆಲ್ಲ ಇದರಲ್ಲಿವೆ. ಎರಡರಿಂದ ಆರು ಸಾವಿರದವರೆಗೂ ಮ್ಯೂಸಿಯಂನ ಗಾಜಿನ ಪೆಟ್ಟಿಗೇಲಿವೆ. ಒಂದನೇದು ಮಾತ್ರ ಇಲ್ಲ.”

“ಅದಕ್ಕೆ? ನಾನೇನು ಕದ್ನಾ?”

“ಕೇಳಿ. ‘ಒಂದು. ತಮ್ಮನ ಅಂಗಳದಲ್ಲಿದೆ. ತಿರುಗಿಸಿಲ್ಲ.’ ಕೆಳಗೆ ಬೇರೆ ಶಾಯೀಲಿ, ‘ತಿರುಗಿಸಿಲ್ಲ.’ ಅದರ ಕೆಳಗೆ, ‘ಇನ್ನೂ ಇಲ್ಲ.’ ಕೊನೇದು ಹೋದ ತಿಂಗಳು ಬರೆದಿದ್ದು, ಅಕ್ಷರ ನಡುಗಿವೆ: ‘ಹಠಮಾರಿ.’”

ಅವನು ತಿಕ್ಕುವುದನ್ನು ನಿಲ್ಲಿಸಿದ. “ಆ ಹಾರೆ ತಾ.”

ಇಬ್ಬರೂ ಮೀಟಿದರು. ಚಪ್ಪಡಿ ಎದ್ದು ನಿಂತು, ಗೋಣಿಗಳ ಮೇಲೆ ಮಗುಚಿಕೊಂಡಿತು. ಅವಳು ಒಂದು ಬಕೆಟ್ ನೀರು ಸುರಿದಳು. ಮಣ್ಣು ಹರಿದುಹೋದಂತೆ ಅಂಚಿನಿಂದ ಅಂಚಿಗೆ ಕಲ್ಲಾಗಿಹೋದ ಅಲೆಗಳು ಕಾಣಿಸಿದವು, ಈಗಷ್ಟೇ ನೀರು ಹಿಂದೆ ಸರಿದ ಕೆರೆದಡದ ಮರಳಿನ ಹಾಗೆ. ಮೂಲೆಯಲ್ಲಿ ಬಿಳಿ ಬಣ್ಣದ ಚುಕ್ಕೆ. ಅದರೊಳಗೆ ಕಪ್ಪು ಶಾಯಿಯಲ್ಲಿ ಅಣ್ಣನ ಕೈಬರಹ: ೧.

“ಆರು ಸಾವಿರದಲ್ಲಿ ಮೊದಲನೇದು,” ಎಂದಳು ಅವಳು. “ಮ್ಯೂಸಿಯಂನವರಿಗೆ ಕೊಡ್ಲೇ ಇಲ್ಲ ನೋಡಿ.”

ಆ ಗಾಜಿನ ಪೆಟ್ಟಿಗೆಗಳನ್ನು ನೆನೆದು ಜೀವಮಾನವಿಡೀ ಹೊಟ್ಟೆ ಉರಿಸಿಕೊಂಡವನು ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

“ಬಾಯ್ಬಿಟ್ಟು ಹೇಳೋಕೇನಾಗಿತ್ತು, ಮುಂಡೇದಕ್ಕೆ!”

“ಹೇಳಿದ್ರೆ ಕೇಳ್ತಿದ್ರಾ?”

“ಇಲ್ಲ.” ಮೂಗೊರೆಸಿಕೊಂಡ. “ಈ ಅಲೆ ಮೇಲೆ ಅಕ್ಷರ ಕೂರಲ್ಲ. ಸತ್ತ ಮೇಲೂ ನನಗೇ ಪರೀಕ್ಷೆ.”

“ಹಾಗಿದ್ರೆ ನುಣುಪು ಕಡೆ ಕೆತ್ತಿ.”

“ಸುಮ್ನಿರೇ.” ಉಳಿ ಕೈಗೆತ್ತಿಕೊಂಡ.

ಮಧ್ಯಾಹ್ನ ಕರೆಯಲು ಬಂದವರು ಉಳಿಯ ಸದ್ದು ಕೇಳಿ ಹಾಗೇ ಮರಳಿದರು.

ನಾಲ್ಕಕ್ಕೆ ಮಣ್ಣು ಮುಚ್ಚಿ, ಅದರ ಮೇಲೆ ಚಪ್ಪಡಿ ಇಳಿಸಿದಾಗ ಮ್ಯೂಸಿಯಂನವನು ಬಗ್ಗಿ ನೋಡಿದ. “ಯಜಮಾನ್ರೇ, ಈ ನಂಬರು ನಮ್ಮ ಸಂಗ್ರಹಕ್ಕೆ ಸೇರಿದ್ದಲ್ವಾ?”

“ಅದು ನಂದು,” ಎಂದ ತಮ್ಮ. ಆ ಧ್ವನಿಗೆ ಮ್ಯೂಸಿಯಂನವನು ಎರಡು ಹೆಜ್ಜೆ ಹಿಂದೆ ಸರಿದ.

ಪುಡಿ ತೊಳೆಯಲು ತಮ್ಮ ಕೊಡದಿಂದ ನೀರು ಹೊಯ್ದ. ನೀರು ಅಲೆಗಳ ನಡುವೆ ನಿಂತಿತು. ಅಣ್ಣನ ಹೆಸರು ಒಂದು ಅಲೆಯಲ್ಲಿ ಏರಿ, ಇನ್ನೊಂದರಲ್ಲಿ ಇಳಿದು, ತೇಲಿಕೊಂಡು ಹೋಗುವಂತಿತ್ತು.

ಅಣ್ಣನ ಮಗಳು ರಿಜಿಸ್ಟರು ಬಿಚ್ಚಿ ಪೆನ್ನು ಚಾಚಿದಳು. ಅವನು ಪೆನ್ನು ಮುಟ್ಟಲಿಲ್ಲ. ‘ಹಠಮಾರಿ’ಯ ಕೆಳಗಿನ ಖಾಲಿ ಸಾಲಿನಲ್ಲಿ, ಕಲ್ಲುಪುಡಿ ಮೆತ್ತಿದ ಹೆಬ್ಬೆರಳನ್ನು ಒತ್ತಿದ.