ಹನ್ನೆರಡಡಿಯ ಕಾಗದ

ಹುಸೇನಪ್ಪ ಎತ್ತಿದ ಗುದ್ದಲಿಯ ಕಾವನ್ನು ಅಯ್ಯಮ್ಮ ಗಟ್ಟಿಯಾಗಿ ಹಿಡಿದುಬಿಟ್ಟಳು.

“ಅಕಿ ಮಗ್ಗಲಕ ಬ್ಯಾಡ.”

ಪಕ್ಕದಲ್ಲೇ ಸುತ್ತ ಕಲ್ಲಿಟ್ಟ ಪುಟ್ಟ ಸಮಾಧಿ. ಅವಳ ಮಗಳು ಗದ್ದೆಮ್ಮ ಅಲ್ಲಿ ಮಲಗಿ ಆರು ವರ್ಷವಾಗಿತ್ತು. ಇವತ್ತು ಮಣ್ಣಿಗಿಡಬೇಕಾದದ್ದು ಆ ಮಗುವಿನ ತಂದೆ ಅಂಬಪ್ಪನನ್ನು.

“ಅತ್ತಿಗಿ, ಮಗಳ ಬಾಜೂಕ ಅಪ್ಪ ಬ್ಯಾಡ ಅಂದ್ರ ಹೆಂಗ? ನಮ್ಮಣ್ಣ ಅಕಿಗೇನ್ ವೈರೀನಾ?”

“ಅಕೀನ ಕೊಂದದ್ದು ಅವನ ಕಾಗದ. ಆರ್ ವರ್ಸದಾಗ ಒಂದ್ ದಿನಾನೂ ಅಕಿ ಹೆಸರು ಎತ್ತಲಿಲ್ಲ. ಒಂದ್ ಹನಿ ಕಣ್ಣೀರು ಹಾಕಲಿಲ್ಲ.”

ಹುಸೇನಪ್ಪ ಗುದ್ದಲಿ ಕೆಳಗಿಟ್ಟ. ಗಂಡನನ್ನು ಕಳಕೊಂಡವಳ ಮಾತು ಮೀರಿ ಅಗೆಯಲು ಅವನಿಗೆ ಕೈ ಬರಲಿಲ್ಲ.

*

ಮಸ್ಕಿ ಹಳ್ಳದಲ್ಲಿ ನೆಟ್ಟ ಅಳತೆಗಂಬ ನೋಡಿ, ನೀರು ಎಷ್ಟಡಿ ಎಂದು ಚೌಕುಳಿ ಕಾಗದದ ಮೇಲೆ ದಿನಕ್ಕೊಂದು ಚುಕ್ಕಿ ಇಡುವುದು ಅಂಬಪ್ಪನ ನೌಕರಿ. ಹಳೆಯ ಚುಕ್ಕಿಗಳನ್ನು ನೋಡಿ, ಮುಂದೆ ನೀರು ಇಷ್ಟರೊಳಗೆ ಇದ್ದೀತು ಎಂದು ಕೆಂಪು ಪೆನ್ಸಿಲಿನಲ್ಲಿ ಅಗಲವಾದ ಪಟ್ಟಿಯನ್ನೂ ಎಳೆಯುತ್ತಿದ್ದ. ಆರು ವರ್ಷದ ಹಿಂದೆ ಪಟ್ಟಿಯ ಮೇಲಂಚು ಹದಿನಾಲ್ಕಡಿಗೆ ಏರಬೇಕಿತ್ತು. ಕಾಗದ ಹನ್ನೆರಡಕ್ಕೇ ಮುಗಿದಿತ್ತು.

“ಮ್ಯಾಲೊಂದು ತುಂಡು ಹಚ್ಚಪಾ,” ಎಂದಿದ್ದ ದಫ್ತರದ ಗೌಸ್‌ಸಾಬ್.

“ಅಷ್ಟೆತ್ತರ ಯಾರ್ ನೋಡ್ಯಾರ ಬಿಡ್ರಿ.”

ಅಂಬಪ್ಪ ಪಟ್ಟಿಯನ್ನು ಹಾಳೆಯ ಅಂಚಿಗೇ ನಿಲ್ಲಿಸಿದ. ದಿನಾ ಅದನ್ನೇ ನೋಡಿ ನೋಡಿ, ಪಾಪ, ಹಾಳೆಯ ತುದಿಯೇ ನೀರಿನ ತುದಿ ಎಂಬ ಭ್ರಮೆ ಎಳೆದವನಿಗೇ ಹಿಡಿಯಿತು. ಹಳ್ಳದ ದಂಡೆಯಲ್ಲಿ ಹನ್ನೆರಡಡಿಗಿಂತ ಗೇಣು ಮೇಲೆ ಗುಡಿಸಲು ಹಾಕಿದ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಹಳ್ಳ ಹದಿನಾಲ್ಕು ಮುಟ್ಟಿತು. ಒಳಗೆ ಮಗು ಮಲಗಿತ್ತು.

*

ಗೌಸ್‌ಸಾಬ್ ಕಂಕುಳಲ್ಲಿ ಕಾಗದದ ಸುರುಳಿ ಇಟ್ಟುಕೊಂಡು ಏದುಸಿರು ಬಿಡುತ್ತ ಸಮಾಧಿಯ ಹತ್ತಿರ ಬಂದ.

“ಇದನ್ನ ನೋಡವ್ವ. ಮಣ್ಣಿಗಿಟ್ಟ ಮ್ಯಾಲ ತೋರಿಸಲಿಲ್ಲ ಅನಬ್ಯಾಡ.”

ಅದೇ ಹಾಳೆ. ಹನ್ನೆರಡಡಿಯ ಮೇಲೆ ಆಮೇಲೆ ಅಂಟಿಸಿದ ಬಿಳಿ ತುಂಡು. ಅದರಲ್ಲಿ ಹದಿನಾಲ್ಕರ ಗೆರೆಯ ಮೇಲೆ ಒಂದೇ ಒಂದು ಚುಕ್ಕಿ ಇರಬೇಕಾದ ಕಡೆ ತೂತು ಬಿದ್ದಿತ್ತು.

“ಅವತ್ತಿನ ಚುಕ್ಕಿ. ದಿನಾ ಮುಂಜಾನಿ ದಫ್ತರಕ್ಕ ಬಂದವನೇ ಅದರ ಮ್ಯಾಲ ಬೆರಳಿಟ್ಟು ಕುಂದರತಿದ್ದ. ಸವೆದು ಸವೆದು ಹಿಂಗಾಗೈತಿ.”

ಅಯ್ಯಮ್ಮ ತೂತಿನ ಮೇಲೆ ಬೆರಳಿಟ್ಟಳು. ಬೆರಳ ತುದಿ ಆಚೆ ಬಂತು. ಆರು ವರ್ಷದ ಸಿಟ್ಟು ಒಡೆದು ಅಳುವಾಯಿತು. ಬಟ್ಟೆ ಹೊದಿಸಿಟ್ಟ ಗಂಡನ ಹೆಣದ ಕಡೆ ತಿರುಗಿದಳು.

“ನನ್ನ ಮುಂದ ಅತ್ತಿದ್ರ ಏನಾಗತಿತ್ತೋ ನಿನಗ!”

ಅವಳು ಕಣ್ಣೊರೆಸಿಕೊಂಡು ಮಗಳ ಸಮಾಧಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು.

“ಅಗಿ ಹುಸೇನಪ್ಪ. ಇನ್ನಾ ಸ್ವಲ್ಪ ಈ ಕಡಿ.”

ಗುದ್ದಲಿ ಮಣ್ಣಿಗೆ ಬಿತ್ತು. ಅಯ್ಯಮ್ಮ ಮಗಳ ಸುತ್ತಲಿನ ಕಲ್ಲುಗಳಲ್ಲಿ ಅಪ್ಪನ ಕಡೆಯವನ್ನು ಒಂದೊಂದಾಗಿ ತೆಗೆದು ದೂರ ಇಡತೊಡಗಿದಳು.