ಹದಿನೆಂಟು ಗೇರಿನ ಸೈಕಲ್ಲು

ಅಣ್ಣ ಜಟ್ಟೆಪ್ಪನ ಕೊಟ್ಟಿಗೆಯಲ್ಲಿ ಹನ್ನೆರಡು ವರ್ಷ ಹೊಟ್ಟಿನ ಚೀಲಗಳ ಕೆಳಗೆ ಬಿದ್ದಿದ್ದ ಸೈಕಲ್ಲನ್ನು ಅಂಬರೇಶ ಹೊರಗೆಳೆದ ದಿನ ಅದರ ಸೀಟಿನ ಸ್ಪಂಜಿನಲ್ಲಿ ಇಲಿ ಮರಿ ಹಾಕಿತ್ತು. ಗಾಲಿ ತಿರುಗುತ್ತಿರಲಿಲ್ಲ. ಚೈನು ತುಕ್ಕು ಹಿಡಿದು ಹಗ್ಗದ ಗಂಟಿನಂತೆ ಬಿಗಿದುಕೊಂಡಿತ್ತು.

“ಗುಜರಿಗೆ ಹಾಕೋದ್ ಬಿಟ್ಟು ಇದನ್ನೇನ್ ಮಾಡ್ತೀಯೋ ಅಂಬ್ಯಾ?” ಕಟ್ಟೆಯ ಮೇಲೆ ಕುಳಿತು ಬೇವಿನ ಕಡ್ಡಿ ಜಗಿಯುತ್ತಿದ್ದ ಜಟ್ಟೆಪ್ಪ ಕೇಳಿದ.

“ನಮ್ಮ ಪ್ರೀತಿಗೆ ಬೇಕಣ್ಣ. ವಾಡಿಯೊಳಗ ರಕ್ತ ಪರೀಕ್ಷೆ ಮಾಡೋ ಲ್ಯಾಬಿನಾಗ ಕೆಲಸ ಸಿಕ್ಕದಲ್ಲ. ಮುಂಜಾನಿ ಆರೂವರಿಗೆ ಬಾಗಲಾ ತೆಗೀಬೇಕು. ನಮ್ಮೂರ ಬಸ್ಸು ಬರೋದೇ ಎಂಟಕ್ಕ.”

“ಒಯ್ಯಿ ಒಯ್ಯಿ. ನನಗ ಜಾಗಾ ಖಾಲಿ ಆಗ್ತದ.”

ಇಷ್ಟು ಸುಲಭವಾಗಿ ಕೊಡುತ್ತಾನೆಂದು ಅಂಬರೇಶ ಅಂದುಕೊಂಡಿರಲಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಜಟ್ಟೆಪ್ಪ ಸಿಮೆಂಟ್ ಕಾರ್ಖಾನೆಯ ಮೊದಲ ಪಗಾರದಲ್ಲಿ ಕಲಬುರಗಿಯಿಂದ ತಂದ ಸೈಕಲ್ಲು ಅದು. ನೇರ ಹ್ಯಾಂಡಲ್ಲು, ಮೊಸಳೆಯ ಬೆನ್ನಿನಂಥ ದಪ್ಪ ಟೈರು, ಹದಿನೆಂಟು ಗೇರು. ಕಾಗಿಣಾ ನದಿ ದಂಡೆಯ ಆ ಊರಿನಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಒಂದು ಸಂಜೆ ಹದಿನೆಂಟರ ಅಂಬರೇಶ ಅದನ್ನು ಕೇಳದೆ ಹೊಳೆಯವರೆಗೆ ಓಡಿಸಿಕೊಂಡು ಹೋಗಿ ಬಂದ. ಹನುಮಪ್ಪನ ಕಟ್ಟೆಯ ಮುಂದೆ, ಊರ ಜನ ಕುಳಿತಲ್ಲೇ, ಅಣ್ಣ ಕೆನ್ನೆಗೆ ಬಾರಿಸಿದ. ಮೇಲೆ ಟೈರಿಗೆ ಹತ್ತಿದ ಕೆಸರನ್ನು ಅಂಗಿಯಿಂದಲೇ ಒರೆಸಲು ಹೇಳಿದ. ಅಂಬರೇಶ ಒರೆಸಿದ. ಆಮೇಲೆ ಅದರ ತಂಟೆಗೆ ಹೋಗಲಿಲ್ಲ.

ಅದಕ್ಕೇ ಏನೋ, ಈ ಸಲ ಕೈಗೆ ಸಿಕ್ಕ ಸೈಕಲ್ಲನ್ನು ಅವನು ಬರೀ ರಿಪೇರಿ ಮಾಡಲಿಲ್ಲ, ಅದರ ಜಾತಕವನ್ನೇ ಬದಲಿಸಿದ. ಹಿಂದಿನ ಗೇರುಗಳನ್ನು ಬಿಚ್ಚಿ ಒಂದೇ ಒಂದು ಹಲ್ಲುಚಕ್ರ ಕೂಡಿಸಿ ಚೈನು ಮೊಟಕು ಮಾಡಿದ. ಬಗ್ಗಿ ಓಡಿಸುವ ಹ್ಯಾಂಡಲ್ಲು ತೆಗೆದು ಎತ್ತರದ್ದು ಹಾಕಿದ. ಮಡ್‌ಗಾರ್ಡು, ಕ್ಯಾರಿಯರ್, ಸ್ಟ್ಯಾಂಡು, ಗಂಟೆ, ಚೂಡಿದಾರದ ವೇಲು ಸಿಕ್ಕದಂತೆ ಚೈನಿಗೊಂದು ತಗಡಿನ ಕವಚ, ದಪ್ಪ ಟೈರಿನ ಜಾಗದಲ್ಲಿ ನುಣುಪಾದ ಟೈರು. ಆರು ವಾರ, ಪ್ರತಿ ಭಾನುವಾರ, ಅವನ ಅಂಗಳವೆಲ್ಲ ನಟ್ಟು ಬೋಲ್ಟು.

“ಮಗಳಿಗೆ ಸೈಕಲ್ ಮಾಡಾಕತ್ತೀರೋ, ಪಲ್ಲಕ್ಕಿ ಮಾಡಾಕತ್ತೀರೋ?” ಎಂದು ಹೆಂಡತಿ ಚಂದಮ್ಮ ನಗುತ್ತಿದ್ದಳು.

ತುಕ್ಕು ತೆಗೆಯಲು ಅವನಿಗೆ ಅಂಗಡಿಯ ಔಷಧ ಬೇಕಿರಲಿಲ್ಲ. ಅವನು ಶಹಾಬಾದಿನಲ್ಲಿ ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಆಳು. ಅಲ್ಲಿ ಮಷೀನಿನ ಕೆಳಗೆ ನೀರಿನ ಜೊತೆ ಹರಿಯುವ ಬೂದಿ ಬಣ್ಣದ ರಾಡಿಯಿದೆಯಲ್ಲ, ಅವನ ಜೊತೆಯವರು ಕುಡುಗೋಲು, ಕೊಡಲಿ, ಹಿತ್ತಾಳೆಯ ಕೊಡ ಎಲ್ಲವನ್ನೂ ಅದರಲ್ಲೇ ತಿಕ್ಕುತ್ತಿದ್ದರು. ಹೆಂಗಸರು ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ ಪಾತ್ರೆ ಬೆಳಗುತ್ತಿದ್ದರು. ಅಂಬರೇಶ ಎರಡೂ ಗಾಲಿಗಳನ್ನು ಒಂದಿಡೀ ದಿನ ರಾಡಿಯ ಹೊಂಡದಲ್ಲಿ ನೆನೆಸಿ, ಗೋಣಿತಟ್ಟಿನಿಂದ ಉಜ್ಜಿದ. ರಿಮ್ಮುಗಳು ಮುಖ ನೋಡಿಕೊಳ್ಳುವಷ್ಟು ಹೊಳೆದವು.

ಪ್ರೀತಿ ಅದನ್ನು ಎಂಟು ದಿನ ಓಡಿಸಿದಳು. ಅದಕ್ಕೆ ಮೊದಲು ಅವಳು ಹಾಲಿನ ಟೆಂಪೋ ನೆಚ್ಚಿಕೊಂಡಿದ್ದಳು. ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬರಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಬಾಗಿಲ ಮುಂದೆ ಕಾಯುವುದನ್ನು ಕಂಡು ಲ್ಯಾಬಿನ ಮಾಲೀಕ ಒಂದೇ ಮಾತು ಹೇಳಿದ್ದ: ಇನ್ನು ಮೂರು ಸಲ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ. ಈ ಎಂಟು ದಿನ ಮಾತ್ರ ಅವಳು ಮಾಲೀಕನಿಗಿಂತ ಮೊದಲೇ ಅಲ್ಲಿರುತ್ತಿದ್ದಳು.

ಆರನೆಯ ದಿನ, ಗುರುವಾರ ಸಂಜೆ, ಅಂಬರೇಶ ಬ್ರೇಕಿನ ತಂತಿ ಹಾಕಿಸಲು ಸೈಕಲ್ಲನ್ನು ಶಹಾಬಾದಿಗೆ ಒಯ್ದ. ಅಲ್ಲಿ ಗಂಡ ತೀರಿದ ಮೇಲೆ ಅವನ ಸೈಕಲ್ ಅಂಗಡಿಯನ್ನು ಅಖ್ತರ ಬೇಗಂ ನಡೆಸುತ್ತಿದ್ದಳು. ಅವಳು ಮುಂದಿನ ಗಾಲಿ ಎತ್ತಿ ತಿರುಗಿಸಿ ಕಿವಿಗೊಟ್ಟಳು.

“ಇದೇನ್ರಿ ಭಾಯ್, ಜ್ವಾಳ ಬೀಸಿದಂಗ ಸಪ್ಪಳ? ಒಳಗ ಏನ್ ಹಾಕೀರಿ?”

ಅಂಬರೇಶ ಅಭಿಮಾನದಿಂದಲೇ ರಾಡಿಯ ಕತೆ ಹೇಳಿದ. ಅವಳು ಹಣೆ ಬಡಿದುಕೊಂಡಳು.

“ಯಾ ಅಲ್ಲಾ! ಕಲ್ಲನ್ನೇ ನುಣ್ಣಗ ಮಾಡೋ ರಾಡಿ, ಬೇರಿಂಗಿನ ಗುಂಡು ಬಿಡ್ತದೇನ್ರಿ? ಗ್ರೀಸಿನಾಗ ಕಲಸಿಕೊಂಡು ಕುಂತದ. ಅಚ್ಚು ಬಿಚ್ಚಿ ಸೀಮೆಎಣ್ಣ್ಯಾಗ ತೊಳೀಬೇಕು, ಗುಂಡು ಬದಲಿ ಮಾಡಬೇಕು. ಹಂಗೇ ಓಡಿಸಿದ್ರ ಒಂದಿನ ಗಾಲಿ ಕಚ್ಚಿ ನಿಲ್ತದ, ಮೇಲಿದ್ದವ್ರು ಮುಂದ ಬೀಳ್ತಾರ.”

“ಭಾನುವಾರ ತರ್ತೀನ್ರಿ ಚಾಚಿ.”

ಶನಿವಾರ ಸಂಜೆ ಜಟ್ಟೆಪ್ಪ ಬಂದ. ಕಾಲಲ್ಲಿ ಹೊಸ ಕ್ಯಾನ್ವಾಸ್ ಬೂಟು. ಅಂಗಳದಲ್ಲಿ ನಿಂತ ಸೈಕಲ್ಲಿನ ಸುತ್ತ ಸಂತೆಯಲ್ಲಿ ಹೋರಿ ನೋಡುವವನಂತೆ ಎರಡು ಸುತ್ತು ಹಾಕಿದ, ಗಂಟೆ ಬಾರಿಸಿದ.

“ಶುಗರ್ ಮುನ್ನೂರ್ ದಾಟ್ಯದಂತ. ನಿನ್ನ ಮಗಳೇ ರಕ್ತ ತಗೊಂಡಳು. ದಿನಾ ಒಂದ್ ತಾಸು ಮೈ ಬೆವರಬೇಕು ದೊಡ್ಡಪ್ಪಾ ಅಂತ ಆಕಿನೇ ಹೇಳಿದಳು.”

“ನಾ ಹೇಳಿದ್ದು ನಡೀಲಿಕ್ಕ, ದೊಡ್ಡಪ್ಪಾ,” ಬಾಗಿಲಲ್ಲಿ ನಿಂತಿದ್ದ ಪ್ರೀತಿ ಮೆಲ್ಲಗೆ ಅಂದಳು.

“ನಡದ್ರ ಮೊಣಕಾಲು ನೋಯ್ತಾವವ್ವ. ಮನ್ಯಾಗ ಸೈಕಲ್ ಇಟಗೊಂಡು ಯಾಕ ನಡೀಲಿ?”

ಅವನ ಬಾಯಲ್ಲಿ ‘ಮನೆ’ ಎಂದರೆ ಬೇಕಾದಾಗ ಇಬ್ಬರದೂ ಒಂದೇ ಮನೆ. ಅಂಬರೇಶನಿಗೆ ಬಾಯವರೆಗೆ ಎರಡು ಮಾತು ಬಂದವು. ಒಂದು, ಕೊಡುವುದಿಲ್ಲ. ಇನ್ನೊಂದು, ಮುಂದಿನ ಗಾಲಿಯೊಳಗೆ ಕಲ್ಲಿನ ರಾಡಿಯಿದೆ. ಅಪ್ಪ ತೀರಿದ ಮೇಲೆ ಅಪ್ಪನ ಜಾಗದಲ್ಲಿರುವ ಅಣ್ಣನಿಗೆ ಮೊದಲನೆಯದನ್ನು ಹೇಳುವ ರೂಢಿ ಆ ಮನೆಯಲ್ಲಿರಲಿಲ್ಲ. ಎರಡನೆಯದನ್ನು ಹೇಳಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ಆ ಹೊತ್ತಿಗೆ ಕೆನ್ನೆ ಬಿಸಿಯಾಯಿತು, ಇಪ್ಪತ್ತಾರು ವರ್ಷದ ಹಳೆಯ ಬಿಸಿ.

“ಒಯ್ಯಣ್ಣ,” ಅಂದ. ಹೆಗಲ ಮೇಲಿನ ಟವೆಲ್ಲಿನಿಂದ ಸೀಟನ್ನೂ ಒರೆಸಿ ಕೊಟ್ಟ.

ಅಣ್ಣ ತಿರುವು ದಾಟಿದ ಮೇಲೆ ಚಂದಮ್ಮ ಹರಿಹಾಯ್ದಳು. “ಒಂದ್ ಮಾತರೆ ಆಡಬಾರದಿತ್ತೇನ್ರಿ? ಹುಡುಗಿ ಇನ್ನ ಮ್ಯಾಲ ಯಾತರಾಗ ಹೋಗಬೇಕು?”

“ಆಡಿದ್ರ ಕೇಳ್ತಿದ್ನೇನು?” ಅಂದ ಅಂಬರೇಶ. ರಾಡಿಯ ಮಾತನ್ನು ಅವಳಿಗೂ ಹೇಳಲಿಲ್ಲ.

ಮುಂದಿನ ಮೂರು ವಾರ ಜಟ್ಟೆಪ್ಪ ಬೆಳಗಾಗುತ್ತಲೇ ತಮ್ಮನ ಮನೆ ಮುಂದಿನಿಂದ ಗಂಟೆ ಬಾರಿಸುತ್ತ ಹೋಗುತ್ತಿದ್ದ. ಹಾಸಿಗೆಯಲ್ಲೇ ಇದ್ದ ಅಂಬರೇಶ ಗಂಟೆಯನ್ನಲ್ಲ, ಅದರ ಕೆಳಗಿನ ಕರಕರ ಸದ್ದನ್ನು ಆಲಿಸುತ್ತಿದ್ದ. ಅದು ದಿನದಿನಕ್ಕೆ ದೊಡ್ಡದಾಗುತ್ತಿತ್ತು. ಇವತ್ತು ಹೇಳಬೇಕು ಅಂದುಕೊಳ್ಳುತ್ತಿದ್ದ. ಸದ್ದು ದೂರವಾದ ಮೇಲೆ ನಾಳೆ ಹೇಳಿದರಾಯಿತು ಅನ್ನಿಸುತ್ತಿತ್ತು. ಆ ನಾಳೆಯಲ್ಲಿ ಒಂದು ಸಮಾಧಾನವೂ ಇತ್ತು. ಅದಕ್ಕೆ ಅವನು ಹೆಸರಿಡಲು ಹೋಗಲಿಲ್ಲ.

ಆ ಮೂರು ವಾರದಲ್ಲಿ ಟೆಂಪೋ ಎರಡು ಸಲ ಕೈಕೊಟ್ಟಿತು. ಪ್ರೀತಿ ಎರಡು ಸಲ ತಡವಾಗಿ ಹೋದಳು.

ಒಂದು ಸಂಜೆ ಅಂಬರೇಶ ಕೆಲಸ ಮುಗಿಸಿ ಬಂದಾಗ ಸೈಕಲ್ಲು ಗೋಡೆಗೆ ಒರಗಿ ನಿಂತಿತ್ತು.

“ದೊಡ್ಡಪ್ಪ ಕಳಿಸ್ಯಾರ!” ಪ್ರೀತಿ ಕುಣಿಯುವುದೊಂದು ಬಾಕಿ. “ಅವ್ರ ಅಳಿಯ ಮನ್ಯಾಗೇ ನಡಿಯೋ ಮಷೀನ್ ಕೊಡಿಸ್ಯಾನಂತ. ಇದು ಭಾಳ ಸಪ್ಪಳ ಮಾಡ್ತದ, ನಿಮ್ಮಪ್ಪಂದು ಎಲ್ಲಾ ಕೆಲಸ ಹಿಂಗೇ ಅಂತ ಬೈದಾರ. ಬೈಲಿ ಬಿಡು. ಟೆಂಪೋದವ ನಾಳಿ ಬರಂಗಿಲ್ಲ ಅಂದಾನ, ನಾಳಿ ತಡ ಆದ್ರ ಮೂರನೇದ್ದಾಗ್ತಿತ್ತಪ್ಪಾ!”

ಟಿಫಿನ್ನಿನ ಚೀಲವನ್ನು ಅವಳು ಆಗಲೇ ಕ್ಯಾರಿಯರಿಗೆ ಸಿಕ್ಕಿಸಿದ್ದಳು. ಅಂಬರೇಶ ಮುಂದಿನ ಗಾಲಿ ಎತ್ತಿ ತಿರುಗಿಸಿದ. ಬೀಸುವ ಕಲ್ಲಿನ ಸದ್ದು. ಗಾಲಿ ಎಡಕ್ಕೂ ಬಲಕ್ಕೂ ತೂಗಾಡುತ್ತಿತ್ತು. ನಾಳೆ ಬೇಡ ಅನ್ನಬೇಕಾಗಿತ್ತು. ಅಂದರೆ ಯಾಕೆಂದು ಕೇಳುತ್ತಾಳೆ. ಯಾಕೆಂದು ಹೇಳಿದರೆ ಯಾವಾಗಿಂದ ಗೊತ್ತು ಅಂತ ಕೇಳುತ್ತಾಳೆ.

ತೊಂಬತ್ತು ಕಿಲೋದ ಅಣ್ಣ ಮೂರು ವಾರ ಓಡಿಸಿದ್ದಾನೆ, ಏನಾಯಿತು? ಇವಳು ಅವನ ಅರ್ಧ ಭಾರವಿಲ್ಲ. ಒಂದು ದಿನ. ನಾಡಿದ್ದು ಭಾನುವಾರ, ಬಿಚ್ಚಿದರಾಯಿತು. ಅಡುಗೆ ಮನೆಯಿಂದ ಎಣ್ಣೆ ತಂದು ಅಚ್ಚಿನ ಮೇಲೆ ನಾಲ್ಕು ಹನಿ ಬಿಟ್ಟ. ಹೊರಗೆ ಬಿಟ್ಟ ಎಣ್ಣೆ ಹೊರಗೇ ಇತ್ತು.

“ಹುಷಾರ್ ಹೋಗವ್ವ,” ಅಂದ.

ಮರುದಿನ ವಾಡಿ ಹತ್ತಿರದ ಇಳಿಜಾರಿನಲ್ಲಿ ಗಾಲಿ ಕಚ್ಚಿ ನಿಂತಿತು. ಪ್ರೀತಿ ಹ್ಯಾಂಡಲ್ ದಾಟಿ ಮುಂದೆ ಬಿದ್ದಳು. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಲ್ಯಾಬಿನ ಮಾಲೀಕ ಒಳ್ಳೆಯವನೇ, ಫೋನ್ ಮಾಡಿ ವಿಚಾರಿಸಿದ. ಸೂಜಿ ಹಿಡಿಯುವ ಕೈಗೆ ಎರಡು ತಿಂಗಳು ಪ್ಲಾಸ್ಟರ್ ಎಂದು ಕೇಳಿ, ನಾಲ್ಕನೆಯ ದಿನಕ್ಕೆ ಬೇರೊಬ್ಬ ಹುಡುಗಿಯನ್ನು ಇಟ್ಟುಕೊಂಡ.

ಗಾಲಿಯನ್ನು ಯಾರೋ ಅಖ್ತರ ಬೇಗಂಳ ಅಂಗಡಿಗೆ ಮುಟ್ಟಿಸಿದ್ದರು. ಮುಂದಿನ ವಾರ ಭಾನುವಾರ ಅವಳೇ ಹುಡುಗಿಯನ್ನು ನೋಡಲು ಬಂದಳು. ಕುಳಿತವಳು ಸೆರಗಿನ ಗಂಟು ಬಿಚ್ಚಿ, ಅಚ್ಚಿನೊಳಗಿಂದ ತೆಗೆದದ್ದನ್ನು ಅಂಬರೇಶನ ಅಂಗೈಗೆ ಸುರುವಿದಳು. ಗುಂಡುಗಳೆಂಬವು ಉಳಿದಿರಲಿಲ್ಲ. ಜೋಳದ ನುಚ್ಚಿನಂಥ ಉಕ್ಕಿನ ಚೂರು.

“ಬಿಚ್ಚಿ ತೊಳೀರಿ ಅಂತ ನಾ ಅವತ್ತೇ ಹೇಳಿದ್ನಲ್ರಿ ಭಾಯ್?”

“ಯಾವತ್ತು, ಚಾಚಿ?” ಹಾಸಿಗೆಯಿಂದ ಪ್ರೀತಿ ಕೇಳಿದಳು.

“ಬ್ರೇಕಿನ ತಂತಿ ಹಾಕಿಸಿದ ದಿನ, ಬೇಟಿ. ತಿಂಗಳಾತು.”

ಪ್ರೀತಿ ಎಡಗೈ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಗುರುವಾರ, ಶುಕ್ರವಾರ, ಶನಿವಾರ. ದೊಡ್ಡಪ್ಪ ಸೈಕಲ್ ಒಯ್ದ ಶನಿವಾರಕ್ಕೆ ಬಂದು ಬೆರಳು ನಿಂತಿತು. ಅವಳು ಅಪ್ಪನ ಮುಖ ನೋಡಿದಳು. ಅಂಬರೇಶ ಅಂಗೈಯ ಚೂರುಗಳನ್ನು ನೋಡುತ್ತಿದ್ದ.

ಅಖ್ತರ ಬೇಗಂ ಹೋದ ಮೇಲೆ ಜಟ್ಟೆಪ್ಪ ಮೋಸಂಬಿಯ ಚೀಲ ಹಿಡಿದು ಬಂದ. ಪ್ಲಾಸ್ಟರಿನ ಮೇಲೆ ಕೈಯಾಡಿಸಿ ಲೊಚಗುಟ್ಟಿದ.

“ನಾ ಮೂರು ವಾರ ಓಡಿಸೀನಿ ನೋಡು, ನನ್ನ ನಸೀಬ ಗಟ್ಟಿ ಇತ್ತು.” ಆಮೇಲೆ ತಮ್ಮನ ಕಡೆ ತಿರುಗಿದ. “ಎಂಥಾ ಸೈಕಲ್ ಇತ್ತೋ ಅದು! ಕಂಪನಿಯವ್ರು ಮಳ್ಳರೇನು, ಹದಿನೆಂಟು ಗೇರು ಇಟ್ಟಾರ? ನೀ ದೊಡ್ಡ ಶಾಣ್ಯಾ ಅಂತ ಎಲ್ಲಾ ಕಿತ್ತು ಒಗದಿ. ಅದಕ್ಕೇ ಹಿಂಗಾತು. ಹೌದೋ ಅಲ್ಲೋ?”

ಹಾಸಿಗೆಯಲ್ಲಿ ಪ್ರೀತಿ ಕಣ್ಣು ಕೀಳದೆ ಅಪ್ಪನನ್ನೇ ನೋಡುತ್ತಿದ್ದಳು. ಚಂದಮ್ಮ ಚಹದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಂಬರೇಶ ಚೂರುಗಳಿದ್ದ ಅಂಗೈಯನ್ನು ಮೆಲ್ಲಗೆ ಮುಚ್ಚಿದ.

“ಹೌದಣ್ಣ,” ಅಂದ. “ಗೇರು ತೆಗೆದದ್ದೇ ತಪ್ಪಾತು.”

ಪ್ರೀತಿ ಗೋಡೆಯ ಕಡೆ ಮಗ್ಗುಲಾದಳು. ಅಪ್ಪ ಮೋಸಂಬಿ ಸುಲಿದು ಒಂದೊಂದೇ ತೊಳೆ ಬಿಡಿಸಿ ತಟ್ಟೆಯಲ್ಲಿಟ್ಟ. ಅವಳು ಅದನ್ನು ಮುಟ್ಟಲಿಲ್ಲ.